ಎಡಕ್ಕೆ ವಾಲಿದ ಹಳೆಯ ಪಿಕಪ್: ಕಾರವಾರ–ಶಿರಸಿ ದಾರಿಯ ಮೀನು ಗಾಡಿಯೊಂದರ ಪಾಟಾ ಪ್ರಕರಣ

ಗಾಡಿಯ ಹಿಂಭಾಗ ಕುಸಿಯಿತೆಂದರೆ ಇನ್ನೊಂದು ಪ್ಲೇಟ್ ಸೇರಿಸಿಬಿಡುವುದು ನಮ್ಮ ಕರಾವಳಿಯಲ್ಲಿ ಎಲ್ಲರಿಗೂ ಗೊತ್ತಿರುವ ಮದ್ದು. ಗಾಡಿಯ ಭಾರ ಹೊರುವ, ಬಾಗಿದ ಉಕ್ಕಿನ ಪ್ಲೇಟುಗಳ ಕಂತೆಯೇ ಪಾಟಾ (ಲೀಫ್ ಸ್ಪ್ರಿಂಗ್). ಲಾರಿಯಿಂದ ಹಿಡಿದು ಸಣ್ಣ ಪಿಕಪ್‌ವರೆಗೆ ಪಾಟಾದ ಕೆಲಸವೆಂದರೆ ಇಷ್ಟೇ ಎಂದು ನಂಬಿದವರು ಬಹಳ ಮಂದಿ. ಇಲ್ಲಿ ಬರೆಯುತ್ತಿರುವ ಗಾಡಿಯಲ್ಲಿ ಆ ಮದ್ದೇ ಹೊಸ ರೋಗವನ್ನು ತಂದಿತು. ಹೇಗೆ ತಂದಿತು, ಅದನ್ನು ಹೇಗೆ ಪತ್ತೆ ಹಚ್ಚಿದೆವು, ಎಲ್ಲೆಲ್ಲಿ ಯಾವ ತೀರ್ಮಾನ ತೆಗೆದುಕೊಂಡೆವು ಎಂಬುದನ್ನು ಗ್ಯಾರೇಜಿನ ಕೆಲಸ ಕಲಿಯುತ್ತಿರುವ ಹುಡುಗರಿಗೂ ಸ್ವಂತ ಗಾಡಿ ಓಡಿಸುವವರಿಗೂ ಉಪಯೋಗವಾಗಲಿ ಎಂದು ಬಿಡಿಸಿ ಬರೆಯುತ್ತಿದ್ದೇನೆ. ಮಾಲೀಕರ ಹೆಸರು, ಊರು, ಗಾಡಿಯ ಕಂಪನಿ, ಮೊದಲು ಕೆಲಸ ಮಾಡಿದ ಗ್ಯಾರೇಜುಗಳ ಗುರುತು ಯಾವುದನ್ನೂ ಹೇಳುವುದಿಲ್ಲ. ಮಾಲೀಕರ ಒಪ್ಪಿಗೆ ಪಡೆದಿದ್ದೇನೆ.

ಹಿನ್ನೆಲೆ

ಗಾಡಿ ಹತ್ತು ವರ್ಷ ದಾಟಿದ ಡೀಸೆಲ್ ಪಿಕಪ್. ಕೆಲಸ ಮೀನು ಸಾಗಣೆ. ಕಾರವಾರದ ಬೈತಖೋಲ ಬಂದರಿನಲ್ಲಿ ಬೆಳಗಿನ ಜಾವ ಬಂಗಡೆಯನ್ನೋ ತಾರ್ಲಿಯನ್ನೋ ಬರ್ಫದೊಂದಿಗೆ ಕ್ರೇಟುಗಳಲ್ಲಿ ತುಂಬಿಕೊಂಡು, ಅಂಕೋಲಾ, ಕುಮಟಾ ದಾಟಿ, ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವುದು. ಬರುವಾಗ ಬಾಳೆಕಾಯಿ, ತರಕಾರಿ ಸಿಕ್ಕರೆ ಸರಿ, ಇಲ್ಲವಾದರೆ ಖಾಲಿ ಇಳಿಯುವುದು. ಒಂದು ಬದಿಗೆ ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಅರ್ಧ ಹೆದ್ದಾರಿ, ಅರ್ಧ ತಿರುವು.

ತೊಂದರೆ ಶುರುವಾದದ್ದು ಹಿಂದಿನ ಎಡಭಾಗ ಸ್ವಲ್ಪ ತಗ್ಗಾಗಿ ಕಂಡಾಗ. ಮೊದಲ ಗ್ಯಾರೇಜಿನಲ್ಲಿ ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್ ಬದಲಾಯಿಸಿದರು. ಎತ್ತರದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಬರಲಿಲ್ಲ, ಬರುವುದೂ ಸಾಧ್ಯವಿರಲಿಲ್ಲ. ಇಂಥ ಗಾಡಿಯ ಎಣ್ಣೆ ಶಾಕ್ ಅಬ್ಸಾರ್ಬರ್ ಕುಲುಕಾಟವನ್ನು ತಡೆಯುತ್ತದೆಯೇ ಹೊರತು ಗಾಡಿಯ ಭಾರವನ್ನು ಹೊರುವುದಿಲ್ಲ. ಭಾರ ಹೊರುವುದು ಪಾಟಾ. ಎರಡನೆಯ ಗ್ಯಾರೇಜಿನಲ್ಲಿ ಅದನ್ನು ಗುರುತಿಸಿದರು, ಆದರೆ ಪಾಟಾ ಏಕೆ ಕುಸಿಯಿತು ಎಂದು ಕೇಳಲಿಲ್ಲ. ಎಡಬದಿಗೆ ಎರಡು, ಬಲಬದಿಗೆ ಒಂದು ದಪ್ಪ ಪ್ಲೇಟ್ ಸೇರಿಸಿ ಕಳುಹಿಸಿದರು. ಗಾಡಿ ಎದ್ದು ನಿಂತಿತು. ಮಾಲೀಕರು ಖುಷಿಪಟ್ಟರು. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಎಡಭಾಗ ಮೊದಲಿಗಿಂತ ಹೆಚ್ಚು ಕುಸಿದಿತ್ತು, ಗಾಡಿ ಮಾತ್ರ ಕಲ್ಲಿನಷ್ಟು ಗಡಸಾಗಿತ್ತು. ಖಾಲಿ ಇಳಿಯುವಾಗ ಹಿಂದಿನ ಚಕ್ರಗಳು ಗುಂಡಿಯಿಂದ ಗುಂಡಿಗೆ ಹಾರುತ್ತಿದ್ದವು. ಘಟ್ಟದ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಹಿಂಭಾಗ ಪಕ್ಕಕ್ಕೆ ಸರಿಯುತ್ತಿತ್ತು.

ಎಡಭಾಗವೇ ಏಕೆ ಎಂಬುದು ಯೋಚಿಸಬೇಕಾದ ಪ್ರಶ್ನೆ. ನಮ್ಮಲ್ಲಿ ಚಾಲಕ ಕೂರುವುದು ಬಲಕ್ಕೆ, ಡೀಸೆಲ್ ಟ್ಯಾಂಕೂ ಈ ಗಾಡಿಯಲ್ಲಿ ಬಲಕ್ಕಿದೆ. ಹಾಗಾದರೆ ಸವೆದು ತಗ್ಗಬೇಕಾದದ್ದು ಬಲ. ರಸ್ತೆಯ ಅಂಚು ಎಡಕ್ಕೆ ಇಳಿಜಾರಾಗಿರುವುದರಿಂದ ಎಡ ಪಾಟಾಕ್ಕೆ ಸ್ವಲ್ಪ ಹೆಚ್ಚು ಭಾರ ಬೀಳುವುದು ನಿಜ. ಆದರೆ ಇಷ್ಟು ದೊಡ್ಡ ವ್ಯತ್ಯಾಸಕ್ಕೆ ಅದೊಂದೇ ಕಾರಣ ಸಾಲದು.

ಅಳತೆ

ಗಾಡಿ ನಮ್ಮಲ್ಲಿಗೆ ಬಂದದ್ದು ಮೇ ಕೊನೆಯಲ್ಲಿ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನು ಗಾಡಿಯವರಿಗೆ ದೊಡ್ಡ ರಿಪೇರಿಗೆ ಸಿಗುವ ಬಿಡುವು ಅದೇ. ಹಾಗಾಗಿ ಅವಸರದಲ್ಲಿ ಏನನ್ನೂ ಬಿಚ್ಚಬಾರದು, ಮೊದಲು ಅಳೆಯಬೇಕು ಎಂದು ನಿರ್ಧರಿಸಿದೆವು.

ಮಡ್‌ಗಾರ್ಡಿನ ಅಂಚಿನಿಂದ ನೆಲಕ್ಕೆ ಟೇಪು ಹಿಡಿಯುವುದು ಸುಲಭ, ಆದರೆ ಅದನ್ನು ನಂಬುವಂತಿಲ್ಲ. ಈ ಗಾಡಿಯ ಹಿಂದಿನ ತೊಟ್ಟಿಯನ್ನು ಸ್ಥಳೀಯವಾಗಿ ಕಟ್ಟಿಸಿದ್ದರು. ಅದರ ಕೆಳಗಿನ ಮರದ ಪಟ್ಟಿಗಳು ಎರಡೂ ಬದಿ ಒಂದೇ ದಪ್ಪವಿರಲಿಲ್ಲ. ಟೈರಿನ ಗಾಳಿ ಹೆಚ್ಚುಕಡಿಮೆಯಾದರೂ ಆ ಅಳತೆ ಕೆಡುತ್ತದೆ. ಗಾಳಿ ಸಮ ಮಾಡಿ, ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ, ಹಿಂದಿನ ಹೌಸಿಂಗ್‌ನ (ಹಿಂಚಕ್ರಗಳ ನಡುವಿನ ಅಚ್ಚಿನ ಕವಚ) ಮೇಲ್ಮೈಯಿಂದ ನೇರ ಮೇಲಿರುವ ಚಾಸಿಸ್‌ನ ಕೆಳ ಅಂಚಿಗೆ ಎರಡೂ ಬದಿ ಒಂದೇ ಜಾಗದಲ್ಲಿ ಅಳೆದೆವು. ಬಲ 204 ಮಿ.ಮೀ., ಎಡ 172. ವ್ಯತ್ಯಾಸ 32 ಮಿ.ಮೀ.

ಮುಂದಿನ ಪ್ರಶ್ನೆ: ವಾಲುತ್ತಿರುವುದು ಹಿಂಭಾಗವೋ, ಅಥವಾ ಮುಂದಿನ ದೋಷ ಹಿಂದೆ ಕಾಣುತ್ತಿದೆಯೋ? ಚಾಸಿಸ್ ಒಂದೇ ಚೌಕಟ್ಟು. ಮುಂದಿನ ಒಂದು ಮೂಲೆ ಎತ್ತರವಾದರೆ ಅದಕ್ಕೆ ಓರೆಯಾಗಿ ಎದುರಿರುವ ಹಿಂದಿನ ಮೂಲೆ ತಗ್ಗುತ್ತದೆ. ಇದನ್ನು ತಿಳಿಯಲು ಹಿಂದಿನ ಚಕ್ರಗಳಿಗೆ ಅಡ್ಡಕಟ್ಟೆ ಕೊಟ್ಟು, ಮುಂದಿನ ಕ್ರಾಸ್ ಮೆಂಬರ್‌ನ ನಟ್ಟನಡುವೆ ಜಾಕ್ ಇಟ್ಟು, ಮುಂದಿನ ಚಕ್ರಗಳು ನೆಲ ಬಿಡುವವರೆಗೆ ಎತ್ತಿದೆವು. ಅಕ್ಕಪಕ್ಕ ಸ್ಟ್ಯಾಂಡುಗಳನ್ನು ಒಂದು ಬೆರಳಿನಷ್ಟು ಅಂತರ ಬಿಟ್ಟು ಇಟ್ಟಿದ್ದೆವು, ಜಾಕ್ ಜಾರಿದರೆ ಗಾಡಿ ಅವುಗಳ ಮೇಲೆ ಕೂರಲಿ ಎಂದು. ಮುಂಭಾಗ ಒಂದೇ ಬಿಂದುವಿನ ಮೇಲೆ ನಿಂತಾಗ ಎಡ ಬಲಕ್ಕೆ ವಾಲಿಸುವ ಶಕ್ತಿ ಅದಕ್ಕೆ ಇರುವುದಿಲ್ಲ. ಆಗಲೂ ಹಿಂಭಾಗ ವಾಲಿಕೊಂಡಿದ್ದರೆ ತಪ್ಪು ಹಿಂದಿನದೇ. ಹಾಗೆಯೇ ಆಯಿತು. ವ್ಯತ್ಯಾಸ ನಾಲ್ಕೈದು ಮಿ.ಮೀ. ಕಡಿಮೆಯಾಯಿತಷ್ಟೇ. ಈ ಒಂದು ಪರೀಕ್ಷೆ ಮುಂದಿನ ಅನಗತ್ಯ ಕೆಲಸವನ್ನೆಲ್ಲ ಉಳಿಸಿತು.

ಪ್ರಕರಣ ತಿರುವು ಪಡೆದದ್ದು ಆಮೇಲಿನ ಅಳತೆಯಲ್ಲಿ. ಇಬ್ಬರು ಹುಡುಗರನ್ನು ತೊಟ್ಟಿಯಲ್ಲಿ ನಿಲ್ಲಿಸಿ ಗಾಡಿಯನ್ನು ಕುಲುಕಿಸಿ ಮತ್ತೆ ಅಳೆದೆವು. ಬಲ 202, ಎಡ 180. ಕ್ರೇಟುಗಳನ್ನು ಹೇರಿ, ಇಳಿಸಿ ಮತ್ತೊಮ್ಮೆ ಅಳೆದಾಗ ಎಡ 169. ಬಲಭಾಗ ಪ್ರತಿ ಬಾರಿಯೂ ಹೆಚ್ಚುಕಡಿಮೆ ತನ್ನ ಜಾಗಕ್ಕೆ ಮರಳುತ್ತಿತ್ತು. ಎಡಭಾಗ ಎಲ್ಲಿ ನಿಂತಿತೋ ಅಲ್ಲೇ ಅಂಟಿಕೊಳ್ಳುತ್ತಿತ್ತು. ಅಂದರೆ ಎಡ ಪಾಟಾ ಬರೀ ದಣಿದಿಲ್ಲ, ಎಲ್ಲೋ ಸಿಕ್ಕಿಹಾಕಿಕೊಂಡಿದೆ. ಪಾಟಾದ ಮೇಲೆ ಭಾರ ಬಿದ್ದಾಗ ಅದರ ಕಮಾನು ಚಪ್ಪಟೆಯಾಗಿ ಉದ್ದ ಹೆಚ್ಚುತ್ತದೆ. ಆ ಹೆಚ್ಚಿದ ಉದ್ದಕ್ಕೆ ಜಾಗ ಕೊಡಲೆಂದೇ ಹಿಂತುದಿಯಲ್ಲಿ ಶ್ಯಾಕಲ್ ಎಂಬ ತೂಗಾಡುವ ಕೊಂಡಿ ಇರುವುದು. ಶ್ಯಾಕಲ್ ಆಡದಿದ್ದರೆ ಎಷ್ಟು ಒಳ್ಳೆಯ ಪಾಟಾ ಆದರೂ ಗಡಸಾಗುತ್ತದೆ, ಭಾರ ಇಳಿಸಿದ ಮೇಲೂ ಮೇಲೇಳುವುದಿಲ್ಲ.

ಬಿಚ್ಚಿದಾಗ ಕಂಡದ್ದು

ಎಡ ಶ್ಯಾಕಲ್‌ನ ಪಿನ್ ತುಕ್ಕಿನಿಂದ ಬುಷ್‌ನೊಳಗೆ (ಪಿನ್ ತಿರುಗುವ ಕೊಳವೆ) ಬೆಸೆದುಕೊಂಡಿತ್ತು. ಗ್ರೀಸ್ ನಿಪ್ಪಲ್‌ನ ಬಾಯಿ ತುಕ್ಕು, ಮಣ್ಣು, ಹಳೆಯ ಬಣ್ಣಗಳಿಂದ ಮುಚ್ಚಿಹೋಗಿತ್ತು. ಗ್ರೀಸ್ ಗನ್ ಹಿಡಿದವರು ಹೊರಗೆ ಉಕ್ಕಿದ ಗ್ರೀಸ್ ನೋಡಿ ಒಳಗೆ ಹೋಯಿತೆಂದು ತಿಳಿದಿರಬೇಕು. ಗ್ಯಾಸ್‌ನಿಂದ ಕಾಯಿಸಿದರೂ ಪಿನ್ ಬರಲಿಲ್ಲ. ಗ್ರೈಂಡರ್ ಹಿಡಿದು ಕತ್ತರಿಸಬೇಕಾಯಿತು. ಬಲಬದಿಯ ಪಿನ್ ನಾಲ್ಕು ಸುತ್ತಿಗೆ ಏಟಿಗೆ ಹೊರಬಂತು.

ಒಂದೇ ಗಾಡಿ, ಒಂದೇ ರಸ್ತೆ, ಒಂದೇ ಕಡಲ ಗಾಳಿ. ಎಡಕ್ಕೆ ಮಾತ್ರ ಇಷ್ಟು ತುಕ್ಕು ಹೇಗೆ? ಕೆಳಗೆ ಮಲಗಿ ಮೇಲೆ ನೋಡಿದಾಗ ಉತ್ತರ ಸಿಕ್ಕಿತು. ತೊಟ್ಟಿಯ ನೀರು ಹರಿದುಹೋಗಲು ಕಟ್ಟಿಸಿದವರು ಎಡ ಹಿಂಮೂಲೆಯಲ್ಲಿ ಒಂದು ತೂತು ಕೊರೆದಿದ್ದರು. ಅದು ಸರಿಯಾಗಿ ಎಡ ಶ್ಯಾಕಲ್‌ನ ನೆತ್ತಿಯ ಮೇಲಿತ್ತು. ಬರ್ಫ ಕರಗಿ, ಮೀನಿನ ಉಪ್ಪುನೀರು ಸೇರಿ, ಬೈತಖೋಲದಿಂದ ಶಿರಸಿಯವರೆಗೂ ಹನಿಹನಿಯಾಗಿ ಆ ಪಿನ್ನಿನ ಮೇಲೆ, ಪ್ಲೇಟುಗಳ ಸಂದಿಗೆ ಇಳಿಯುತ್ತಿತ್ತು. ಘಟ್ಟ ಹತ್ತುವಾಗ ತೊಟ್ಟಿ ಹಿಂದಕ್ಕೆ ಇಳಿಜಾರಾಗುವುದರಿಂದ ಹನಿ ಧಾರೆಯಾಗುತ್ತಿತ್ತು. ಪ್ಲೇಟುಗಳ ನಡುವೆ ತುಕ್ಕು ಪದರ ಪದರವಾಗಿ ಉಬ್ಬಿ ನಿಂತಿತ್ತು. ಬಿಡಿಸಲು ಉಳಿ ಹಾಕಬೇಕಾಯಿತು. ಪ್ಲೇಟುಗಳು ಒಂದರ ಮೇಲೊಂದು ಜಾರಿದರೆ ತಾನೇ ಪಾಟಾ ಮೆದುವಾಗಿ ಬಾಗುವುದು. ತುಕ್ಕು ಹಿಡಿದ ಕಂತೆ ಸಣ್ಣ ಗುಂಡಿಗೆ ಬಾಗುವುದೇ ಇಲ್ಲ, ಪೆಟ್ಟನ್ನು ಇಡಿಯಾಗಿ ಚಾಸಿಸ್‌ಗೆ ದಾಟಿಸುತ್ತದೆ.

ಎಡ ಕಂತೆಯನ್ನು ಬಿಡಿಸಿದಾಗ ಮೂರನೆಯ ಪ್ಲೇಟ್ ಎರಡು ತುಂಡಾಗಿ ಕೈಗೆ ಬಂತು. ಮುರಿದದ್ದು ಪ್ಲೇಟುಗಳನ್ನು ನಡುವೆ ಪೋಣಿಸುವ ಸೆಂಟರ್ ಬೋಲ್ಟ್‌ನ ತೂತಿನಲ್ಲಿ, ಕಂತೆಯನ್ನು ಹೌಸಿಂಗ್‌ಗೆ ಬಿಗಿಯುವ ಯು ಬೋಲ್ಟ್‌ಗಳ ಹಿಡಿತದ ಒಳಗೆ. ಹೊರಗಿನಿಂದ ನೋಡಿದವರಿಗೆ ಕಾಣುವಂತಿರಲಿಲ್ಲ. ಮುರಿದ ಮುಖದ ಮುಕ್ಕಾಲು ಪಾಲು ಕಪ್ಪುಗಂದು ತುಕ್ಕು, ಉಳಿದ ಒಂದು ಮೂಲೆಯಲ್ಲಿ ಮಾತ್ರ ಬೂದು ಬಣ್ಣದ ಹೊಸ ಮುರಿತ. ಬಿರುಕು ಬಹಳ ಕಾಲ ನಿಧಾನವಾಗಿ ಬೆಳೆದು ಕೊನೆಗೊಂದು ದಿನ ಬಿಟ್ಟುಕೊಂಡಿದೆ ಎಂದು ಅದೇ ಹೇಳುತ್ತಿತ್ತು.

ಪ್ಲೇಟ್ ಎಲ್ಲಿ ಮುರಿಯುತ್ತದೆ ಎಂಬುದನ್ನು ಗಮನಿಸುವ ಅಭ್ಯಾಸ ಪ್ರತಿಯೊಬ್ಬ ಮೆಕ್ಯಾನಿಕ್‌ಗೂ ಇರಬೇಕು. ಯು ಬೋಲ್ಟ್‌ನ ಅಂಚಿನಿಂದ ಹೊರಗೆ ಮುರಿದರೆ ಸಾಮಾನ್ಯವಾಗಿ ಅತಿಭಾರದ ಕಡೆ ನೋಡಬೇಕು. ನಡು ತೂತಿನಲ್ಲೇ ಮುರಿದರೆ ಮೊದಲ ಅನುಮಾನ ಸಡಿಲವಾದ ಯು ಬೋಲ್ಟ್‌ಗಳ ಮೇಲೆ. ಹಿಡಿತ ಬಿಗಿಯಾಗಿದ್ದರೆ ನಡುಭಾಗ ಬಾಗುವುದೇ ಇಲ್ಲ. ಸಡಿಲವಾದರೆ ತೂತಿರುವ, ಎಲ್ಲಕ್ಕಿಂತ ದುರ್ಬಲವಾದ ಜಾಗವೇ ಬಾಗತೊಡಗುತ್ತದೆ. ಇಲ್ಲಿ ಯು ಬೋಲ್ಟ್ ಏಕೆ ಸಡಿಲವಾಯಿತು? ತಲಾ 10 ಮಿ.ಮೀ. ದಪ್ಪದ ಎರಡು ಪ್ಲೇಟ್ ಸೇರಿದ್ದರಿಂದ ಕಂತೆ ಮೊದಲಿಗಿಂತ 20 ಮಿ.ಮೀ. ಹೆಚ್ಚು ದಪ್ಪವಾಗಿತ್ತು, ಹಾಕಿದ್ದು ಮಾತ್ರ ಹಳೆಯ ಯು ಬೋಲ್ಟ್‌ಗಳನ್ನೇ. ಅವುಗಳ ಉದ್ದ ಸಾಲದೆ ನಟ್ಟು ಅರ್ಧದಷ್ಟು ಎಳೆಗಳನ್ನು ಮಾತ್ರ ಕಚ್ಚಿಕೊಂಡಿತ್ತು. ಗಾಡಿಯನ್ನು ಎತ್ತಲು ಹಾಕಿದ ಪ್ಲೇಟುಗಳೇ ಹಿಡಿತವನ್ನು ಸಡಿಲಿಸಿ, ಹಳೆಯ ಪ್ಲೇಟನ್ನು ಮುರಿದು, ಗಾಡಿಯನ್ನು ಮತ್ತಷ್ಟು ಕೆಳಗಿಳಿಸಿದ್ದವು.

ಗಡಸುತನದ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಗಲ, ಉದ್ದ ಒಂದೇ ಆಗಿದ್ದರೆ ಪ್ಲೇಟಿನ ಗಡಸುತನ ಅದರ ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆ. ಕಂಪನಿಯ ಪ್ಲೇಟುಗಳು ಏಳು, ದಪ್ಪ 8 ಮಿ.ಮೀ. 8ರ ಘನ 512. 10ರ ಘನ 1000. ಎರಡು ಮಿಲಿಮೀಟರ್ ಹೆಚ್ಚು ದಪ್ಪದ ಒಂದು ಪ್ಲೇಟ್ ಹೆಚ್ಚುಕಡಿಮೆ ಎರಡು ಪ್ಲೇಟುಗಳ ಗಡಸನ್ನು ತರುತ್ತದೆ. ಅಂದಾಜಿಗೆ ಹೇಳುವುದಾದರೆ, ಸೇರಿಸಿದ ದಿನ ಎಡ ಪಾಟಾ ಅರ್ಧಕ್ಕಿಂತಲೂ ಹೆಚ್ಚು, ಬಲ ಪಾಟಾ ಕಾಲು ಭಾಗಕ್ಕಿಂತ ಹೆಚ್ಚು ಗಡಸಾಗಿತ್ತು. ಎಡಕ್ಕೂ ಬಲಕ್ಕೂ ಗಡಸು ಬೇರೆ ಬೇರೆಯಾದ ಗಾಡಿ ತಿರುವಿನಲ್ಲಿ ಎರಡೂ ಕಡೆ ಒಂದೇ ರೀತಿ ನಡೆದುಕೊಳ್ಳುವುದು ಸಾಧ್ಯವಿಲ್ಲ. ಗಾಡಿ ಎಷ್ಟು ಎತ್ತರ ನಿಲ್ಲಬೇಕೆಂಬುದು ಒಂದು ವಿಷಯ, ಪಾಟಾ ಎಷ್ಟು ಗಡಸಿರಬೇಕೆಂಬುದು ಇನ್ನೊಂದು. ಪ್ಲೇಟ್ ಸೇರಿಸುವವರು ಎರಡನ್ನೂ ಒಂದೇ ಎಂದು ತಿಳಿಯುತ್ತಾರೆ.

ಇವೆಲ್ಲಕ್ಕಿಂತ ನನ್ನನ್ನು ಬೆಚ್ಚಿಬೀಳಿಸಿದ್ದು ಬೇರೆಯೇ. ಈ ಗಾಡಿಯಲ್ಲಿ ಹಿಂದಿನ ಬ್ರೇಕಿಗೆ ಹೋಗುವ ಒತ್ತಡವನ್ನು ಭಾರಕ್ಕೆ ತಕ್ಕಂತೆ ಹೊಂದಿಸುವ ವಾಲ್ವ್ ಒಂದಿದೆ. ಅದರ ಸರಳು ಹೌಸಿಂಗ್‌ಗೆ ಜೋಡಿಸಿರುತ್ತದೆ. ಗಾಡಿಯ ಹಿಂಭಾಗ ಕೂತಿದ್ದರೆ ಭಾರವಿದೆ ಎಂದು ತಿಳಿದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ, ಎದ್ದಿದ್ದರೆ ಖಾಲಿ ಎಂದು ತಿಳಿದು ಕಡಿಮೆ ಮಾಡುತ್ತದೆ. ಪ್ಲೇಟ್ ಸೇರಿಸಿ ಗಾಡಿ ಎತ್ತರವಾದಾಗ ತುಂಬಿದ ಗಾಡಿಯಲ್ಲೂ ಹಿಂದಿನ ಬ್ರೇಕ್ ಸಾಲದಾಯಿತು. ಅದಕ್ಕೆ ಯಾರೋ ಆ ಸರಳನ್ನು ತಂತಿಯಿಂದ ಎಳೆದು ಕಟ್ಟಿದ್ದರು, ಸದಾ ಭಾರವಿದೆ ಎಂದು ವಾಲ್ವ್ ತಿಳಿಯುವಂತೆ. ಖಾಲಿ ಇಳಿಯುವಾಗ ಹಿಂದಿನ ಚಕ್ರಗಳು ಬೇಗ ಲಾಕ್ ಆಗಿ ಪಕ್ಕಕ್ಕೆ ಜಾರುತ್ತಿದ್ದುದಕ್ಕೆ ಕಾರಣ ಅದೇ. ದೇವಿಮನೆಯ ಒದ್ದೆ ತಿರುವುಗಳಲ್ಲಿ ಆ ತಂತಿಯ ತುಂಡೊಂದು ಜೀವ ತೆಗೆಯಬಹುದಿತ್ತು. ಪಾಟಾ ಕೆಲಸ ಮಾಡುವವರು ಆ ವಾಲ್ವ್ ಮುಟ್ಟದೆ ಗಾಡಿ ಬಿಟ್ಟುಕೊಡಬಾರದು ಎಂದು ನಾನು ಎಲ್ಲರ ಬಳಿಯೂ ಕೇಳಿಕೊಳ್ಳುತ್ತೇನೆ.

ತೀರ್ಮಾನಗಳು

ಪಾಟಾದ ತುದಿಗಳನ್ನು ಚಾಸಿಸ್‌ಗೆ ಹಿಡಿದಿಡುವ ಹ್ಯಾಂಗರ್‌ಗಳ ಸುತ್ತಲಿನ ಚಾಸಿಸ್ಸನ್ನು ತಂತಿ ಬ್ರಷ್‌ನಿಂದ ಉಜ್ಜಿ, ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿದೆವು. ಎಡ ಹ್ಯಾಂಗರ್ ಮೇಲೆ ತುಕ್ಕಿತ್ತು, ಬಿರುಕಿರಲಿಲ್ಲ. ಗುಂಡು ದಾರ ಇಳಿಬಿಟ್ಟು ನೆಲದ ಮೇಲೆ ಗುರುತು ಹಾಕಿ ಕರ್ಣಗಳನ್ನು ಅಳೆದಾಗ ಚೌಕಟ್ಟೂ ನೇರವಾಗಿಯೇ ಇತ್ತು. ಮುರಿದ ಪ್ಲೇಟ್ ಸಿಗದೇ ಹೋಗಿದ್ದರೆ ಎಡ ಬಲ ಪಾಟಾಗಳನ್ನು ಅದಲುಬದಲು ಮಾಡಿ ನೋಡುತ್ತಿದ್ದೆವು: ವಾಲಿಕೆ ಪಾಟಾದೊಂದಿಗೆ ಇನ್ನೊಂದು ಬದಿಗೆ ಹೋದರೆ ದೋಷ ಪಾಟಾದ್ದು, ಹೋಗದಿದ್ದರೆ ಚಾಸಿಸ್‌ನದು.

ಮಾಲೀಕರ ಮುಂದೆ ಮೂರು ದಾರಿಗಳಿದ್ದವು. ಎಡ ಹೌಸಿಂಗ್ ಮೇಲೆ ಕಬ್ಬಿಣದ ಗಟ್ಟಿ ಇಟ್ಟು ಎತ್ತರ ಸಮ ಮಾಡುವುದು ಎಲ್ಲಕ್ಕಿಂತ ಅಗ್ಗ. ಒಂದೇ ಬದಿಗೆ ಗಟ್ಟಿ ಇಡುವ ಕೆಲಸವನ್ನು ನಾನು ಮಾಡುವುದಿಲ್ಲ. ದೋಷ ಒಳಗೇ ಉಳಿದು ಕಣ್ಣಿಗೆ ಮಾತ್ರ ನೇರ ಕಾಣುತ್ತದೆ. ಹಳೆಯ ಪ್ಲೇಟುಗಳಿಗೆ ಮತ್ತೆ ಕಮಾನು ಹೊಡೆಸುವುದು ಎರಡನೆಯದು. ಕಾಯಿಸಿ, ಆಕಾರ ಕೊಟ್ಟು, ಎಣ್ಣೆಯಲ್ಲಿ ಹದ ಮಾಡಿ, ಮತ್ತೆ ಹಿತವಾಗಿ ಕಾಯಿಸುವ ಪೂರ್ಣ ಕ್ರಮ ಬಲ್ಲವರ ಕೈಯಲ್ಲಿ ಅದು ಒಳ್ಳೆಯ ಕೆಲಸವೇ, ಗಡಸು ಹೆಚ್ಚಿಸದೆ ಎತ್ತರ ಮರಳಿಸುತ್ತದೆ. ಬರೀ ತಣ್ಣಗೆ ಸುತ್ತಿಗೆ ಹೊಡೆದು ಬಾಗಿಸಿದ್ದು ಬಹುಕಾಲ ನಿಲ್ಲುವುದಿಲ್ಲ. ಇಲ್ಲಿನ ಪ್ಲೇಟುಗಳ ಮೈತುಂಬ ತುಕ್ಕಿನ ಗುಳಿಗಳಿದ್ದವು. ಪ್ರತಿ ಗುಳಿಯೂ ಮುಂದಿನ ಬಿರುಕಿನ ಮೊಳಕೆ. ಆದ್ದರಿಂದ ಕಂಪನಿಯ ಅಳತೆಯ ಹೊಸ ಪಾಟಾವನ್ನು ಎರಡೂ ಬದಿಗೆ ಹಾಕುವ ಮೂರನೆಯ ದಾರಿಯನ್ನೇ ಸೂಚಿಸಿದೆ.

ಮಾಲೀಕರಿಗೆ ಖರ್ಚಿಗಿಂತ ಹೆದರಿಕೆಯೇ ದೊಡ್ಡದಾಗಿತ್ತು. "ಇದ್ದ ಪ್ಲೇಟನ್ನೂ ಕಡಿಮೆ ಮಾಡಿದರೆ ಘಟ್ಟದಲ್ಲಿ ಗಾಡಿ ಕೂತುಬಿಡುತ್ತದೆ ತಮ್ಮಾ" ಎಂದರು. ನ್ಯಾಯವಾದ ಪ್ರಶ್ನೆ. ನಿಷೇಧ ಶುರುವಾಗುವ ಮೊದಲೇ ಒಂದು ಪೂರ್ತಿ ಲೋಡನ್ನು ವೇಬ್ರಿಡ್ಜ್‌ಗೆ ಕಳುಹಿಸಿ, ಮೊದಲು ಇಡೀ ಗಾಡಿಯನ್ನು, ಆಮೇಲೆ ಹಿಂದಿನ ಚಕ್ರಗಳನ್ನಷ್ಟೇ ನಿಲ್ಲಿಸಿ ತೂಗಿಸಿದ್ದೆವು. ಆರ್‌ಸಿಯಲ್ಲಿ ಬರೆದ ಒಟ್ಟು ತೂಕಕ್ಕಿಂತ ಸುಮಾರು 300 ಕಿಲೋ ಹೆಚ್ಚಿತ್ತು. ಅವರು ಸುಳ್ಳು ಹೇಳಿರಲಿಲ್ಲ; ಮೀನಿನ ತೂಕವನ್ನು ಮಾತ್ರ ಎಣಿಸುತ್ತಿದ್ದರು, ಬರ್ಫದ ಮತ್ತು ಒದ್ದೆ ಕ್ರೇಟುಗಳ ತೂಕ ಲೆಕ್ಕಕ್ಕೆ ಬಂದಿರಲಿಲ್ಲ. "ಅಣ್ಣಾ, ಪ್ಲೇಟ್ ಹೆಚ್ಚಿಸಿದರೆ ಪಾಟಾ ಗಟ್ಟಿಯಾಗಬಹುದು. ಬ್ರೇಕ್, ಬೇರಿಂಗ್, ಹೌಸಿಂಗ್, ಟೈರ್ ಹಳೆಯವೇ ಅಲ್ಲವೇ?" ಎಂದು ತೂಕದ ಚೀಟಿಯನ್ನು ಮುಂದಿಟ್ಟೆ. ಒಂದು ರಾತ್ರಿ ಯೋಚಿಸಿ, ಮರುದಿನ ಹೊಸ ಪಾಟಾಕ್ಕೆ ಒಪ್ಪಿದರು. ಬಲಬದಿಯದು ಮುರಿದಿಲ್ಲವಲ್ಲ, ಅದನ್ನು ಉಳಿಸಬಾರದೇ ಎಂದು ಕೇಳಿದರು. ಎಡಕ್ಕೆ ಹೊಸದು, ಬಲಕ್ಕೆ ಹಳೆಯದು ಹಾಕಿದರೆ ಬಲಕ್ಕೆ ವಾಲುತ್ತದೆ ಎಂದಾಗ ಅದಕ್ಕೂ ಒಪ್ಪಿದರು.

ಜೋಡಣೆ

ಹುಬ್ಬಳ್ಳಿಯಿಂದ ಬಂದ ಪಾಟಾಗಳ ಪ್ಲೇಟುಗಳನ್ನು ಬಿಡಿಸಿ, ನಡುವೆ ತೆಳುವಾಗಿ ಗ್ರೀಸ್ ಸವರಿ ಕೂಡಿಸಿದೆವು. ಯು ಬೋಲ್ಟ್, ನಟ್ಟು, ಸೆಂಟರ್ ಬೋಲ್ಟ್, ಪಿನ್, ಬುಷ್ ಎಲ್ಲವೂ ಹೊಸವು. ಒಮ್ಮೆ ಬಿಗಿದು ಹಿಗ್ಗಿದ ಯು ಬೋಲ್ಟನ್ನು ಮತ್ತೆ ಬಳಸುವುದು ಸಣ್ಣ ಉಳಿತಾಯಕ್ಕೆ ದೊಡ್ಡ ಅಪಾಯವನ್ನು ಕೊಳ್ಳುವುದು. ಸೆಂಟರ್ ಬೋಲ್ಟ್‌ನ ತಲೆ ಹೌಸಿಂಗ್ ಪ್ಯಾಡಿನ ತೂತಿನಲ್ಲಿ ಸರಿಯಾಗಿ ಕೂತಿದೆಯೇ ಎಂದು ಕೈಬೆರಳಿನಿಂದ ಮುಟ್ಟಿ ನೋಡಿ, ನಾಲ್ಕು ನಟ್ಟುಗಳನ್ನು ಅಡ್ಡಡ್ಡ ಕ್ರಮದಲ್ಲಿ, ಹಂತಹಂತವಾಗಿ, ಕಂಪನಿಯ ಕೈಪಿಡಿ ಹೇಳಿದ ಬಿಗಿಗೆ ಟಾರ್ಕ್ ರೆಂಚ್‌ನಿಂದ ತಂದೆವು.

ಪಾಟಾದ ಮುಂತುದಿಯ ಸುರುಳಿಯ, ಅಂದರೆ ಕಣ್ಣಿನ, ಬುಷ್ ಈ ಗಾಡಿಯಲ್ಲಿ ರಬ್ಬರಿನದು. ಅದರ ಬೋಲ್ಟನ್ನು ಗಾಡಿ ಜಾಕ್ ಮೇಲೆ ನೇತಾಡುತ್ತಿರುವಾಗ ಪೂರ್ತಿ ಬಿಗಿಯಬಾರದು. ಬಿಗಿದರೆ, ಚಕ್ರ ನೆಲಕ್ಕಿಳಿದ ಕೂಡಲೇ ರಬ್ಬರ್ ತಿರುಚಿಕೊಂಡು ಸದಾ ಗಾಡಿಯನ್ನು ಮೇಲಕ್ಕೆ ತಳ್ಳುತ್ತಿರುತ್ತದೆ; ಗಡಸೂ ಹೆಚ್ಚುತ್ತದೆ, ರಬ್ಬರೂ ಬೇಗ ಹರಿಯುತ್ತದೆ. ಗಾಡಿಯನ್ನು ನೆಲಕ್ಕಿಳಿಸಿ, ಕುಲುಕಿಸಿ, ಅದು ತಾನಾಗಿ ನಿಂತ ಎತ್ತರದಲ್ಲಿ ಕೊನೆಯ ಬಿಗಿ ಕೊಟ್ಟೆವು. ಬ್ರೇಕ್ ವಾಲ್ವ್‌ನ ತಂತಿ ಕಿತ್ತು, ಹೊಸ ಸರಳು ಹಾಕಿ, ಕೈಪಿಡಿಯ ಅಳತೆಗೆ ಹೊಂದಿಸಿದೆವು. ಹಿಂಭಾಗದ ಎತ್ತರ ಬದಲಾದದ್ದರಿಂದ ಹೆಡ್‌ಲೈಟಿನ ಬೆಳಕನ್ನೂ ಸರಿಪಡಿಸಬೇಕಾಯಿತು.

ತೊಟ್ಟಿಯ ತೂತನ್ನು ಬೆಸುಗೆ ಹಾಕಿ ಮುಚ್ಚಿ, ನೀರು ಹಿಂಭಾಗದ ನಡುವಿಗೆ ಹರಿದು ಪೈಪಿನ ಮೂಲಕ ಕೆಳಗೆ ಕಟ್ಟಿದ ಕ್ಯಾನಿಗೆ ಇಳಿಯುವಂತೆ ಮಾಡಿದೆವು. ಮೀನಿನ ನೀರು ರಸ್ತೆಗೆ ಬಿದ್ದರೆ ಹಿಂದೆ ಬರುವ ಬೈಕಿನವರು ಜಾರಿ ಬೀಳುತ್ತಾರೆ. ಆ ಕಾರಣಕ್ಕೂ ಇದು ಆಗಬೇಕಾದ ಕೆಲಸವಾಗಿತ್ತು. ಮಳೆಗಾಲಕ್ಕೆ ಮುಂಚೆ ಪಾಟಾಕ್ಕೆ ಸುಟ್ಟ ಆಯಿಲ್ ಎರಚುವ ರೂಢಿ ಇವರಿಗೂ ಇತ್ತು, ಬೇಡ ಎಂದು ಹೇಳಿದೆ. ಅದು ಧೂಳನ್ನು ಹಿಡಿದಿಡುತ್ತದೆ, ರಬ್ಬರ್ ಬುಷ್ಷನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ದಿನದ ಕೊನೆಗೆ ಸಿಹಿನೀರಿನಿಂದ ಪಾಟಾ ತೊಳೆದು, ನಿಪ್ಪಲ್‌ಗೆ ಗ್ರೀಸ್ ಹೊಡೆದಾಗ ಪಿನ್ನಿನ ತುದಿಯಿಂದ ಹಳೆಯ ಗ್ರೀಸ್ ಹೊರಬರುವುದನ್ನು ಕಣ್ಣಾರೆ ನೋಡಿದರೆ ಸಾಕು.

ಫಲಿತಾಂಶ

ಖಾಲಿ ಗಾಡಿಯ ವ್ಯತ್ಯಾಸ 32ರಿಂದ 5 ಮಿ.ಮೀ.ಗೆ ಇಳಿಯಿತು. ಕುಲುಕಿಸಿ ಎಷ್ಟು ಬಾರಿ ಅಳೆದರೂ ಎರಡೂ ಬದಿ ಒಂದೆರಡು ಮಿಲಿಮೀಟರ್ ಒಳಗೆ ಅದೇ ಅಂಕಿ ಬರುತ್ತಿತ್ತು. ನನಗೆ ಹೆಚ್ಚು ಸಮಾಧಾನ ತಂದ ಅಂಕಿ ಇದೇ. ಆಗಸ್ಟ್‌ನಲ್ಲಿ ಮೀನು ಮತ್ತೆ ಶುರುವಾದ ಮೇಲೆ ತುಂಬಿದ ಗಾಡಿಯನ್ನು ನಿಲ್ಲಿಸಿ ನೋಡಿದೆವು. ಹಿಂಭಾಗ ನೇರವಾಗಿ ಕೂತಿತ್ತು, ಹೌಸಿಂಗ್ ಚಾಸಿಸ್‌ಗೆ ಬಡಿಯದಂತೆ ತಡೆಯುವ ಬಂಪ್ ರಬ್ಬರಿಗೂ ಹೌಸಿಂಗ್‌ಗೂ ನಡುವೆ ಮೂರು ಬೆರಳು ಹಿಡಿಯುವಷ್ಟು ಜಾಗವಿತ್ತು. ಖಾಲಿ ಇಳಿಯುವಾಗ ಕ್ರೇಟುಗಳು ಹಾರಿ ಬಡಿದಾಡುವುದು ನಿಂತಿದೆ, ಬ್ರೇಕ್ ಒತ್ತಿದರೆ ಗಾಡಿ ನೇರವಾಗಿ ನಿಲ್ಲುತ್ತದೆ ಎಂದು ಮಾಲೀಕರು ಹೇಳಿದರು. ಭಾರ ಹೇರಿ ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಯು ಬೋಲ್ಟ್ ಮತ್ತೆ ಪರೀಕ್ಷಿಸಿದಾಗ ಎಲ್ಲ ನಟ್ಟುಗಳೂ ಸುಮಾರು ಕಾಲು ಸುತ್ತು ತೆಗೆದುಕೊಂಡವು. ಹೊಸ ಪ್ಲೇಟುಗಳು ಒಂದಕ್ಕೊಂದು ಕೂರುವಾಗ ಇದು ಸಹಜ. ಈ ಮರುಬಿಗಿ ತಪ್ಪಿಸಿದರೆ ನಡು ತೂತಿನ ಬಿರುಕು ಮತ್ತೆ ಬರಬಹುದು.

ಎಲ್ಲವೂ ಬಗೆಹರಿದಿದೆ ಎನ್ನುವಂತಿಲ್ಲ. ತಾರ್ಲಿ ರಾಶಿಯಾಗಿ ಬಂದ ದಿನಗಳಲ್ಲಿ ಹಳೆಯ ಅಭ್ಯಾಸದಂತೆ ಹೆಚ್ಚು ಹೇರಿದಾಗ ರೋಡ್ ಹಂಪ್‌ನಲ್ಲಿ ಹೌಸಿಂಗ್ ಬಂಪ್ ರಬ್ಬರಿಗೆ ಬಡಿಯುತ್ತದೆ. ಅಂಥ ದಿನ ಹೆಚ್ಚಿನ ಕ್ರೇಟುಗಳನ್ನು ಬೇರೆ ಗಾಡಿಗೆ ಹಾಕಿಸಲು ಮಾಲೀಕರು ಈಗ ಶುರುಮಾಡಿದ್ದಾರೆ. ಬಾಡಿಗೆ ಕೈಬಿಡುತ್ತದೆ ಎಂಬ ನೋವು ಅವರಿಗಿದೆ, ಅದು ಸಣ್ಣ ನೋವಲ್ಲ. ಎಡ ಹ್ಯಾಂಗರ್ ಸುತ್ತಲಿನ ತುಕ್ಕನ್ನು ಉಜ್ಜಿ ಪ್ರೈಮರ್ ಹೊಡೆದಿದ್ದೇವೆ, ಆದರೂ ಅಲ್ಲಿನ ಲೋಹ ಬಲಬದಿಗಿಂತ ತೆಳುವಾಗಿದೆ. ಮುಂದಿನ ಜೂನ್‌ನಲ್ಲಿ ಗಾಡಿ ಬಂದಾಗ ಮೊದಲು ಅಲ್ಲಿಗೇ ಸುತ್ತಿಗೆ ತಟ್ಟಿ ನೋಡಬೇಕು. ಬಿರುಕು ಕಂಡರೆ ಹ್ಯಾಂಗರ್ ಬಿಚ್ಚಿ ಚಾಸಿಸ್‌ಗೆ ಪಟ್ಟಿ ಕೊಡಬೇಕಾಗುತ್ತದೆ ಎಂದು ಅವರಿಗೆ ಈಗಲೇ ತಿಳಿಸಿದ್ದೇನೆ.